ಸಂಕಲ್ಪ ಮತ್ತು ಸಾಧನೆ

ಮುಂಗಾರು ಮಳೆಯ ದಿನಗಳಲ್ಲಿ ಶಾಲೆಗಳು ಮತ್ತೆ ಪ್ರಾರಂಭವಾಗುತ್ತವೆ. ವಿದ್ಯಾರ್ಥಿಗಳು ಹೊಸ ಪುಸ್ತಕಗಳಿಗೆ ಹೊದಿಕೆ ಹಾಕಿ, ಮೊದಲನೆಯ ಪುಟದಲ್ಲಿ ದುಂಡಾದ ಅಕ್ಷರಗಳಿಂದ ತಮ್ಮ ಹೆಸರು ಬರೆಯುತ್ತಾರೆ. ಆಗ ಅವರ ಮನಸ್ಸಿನಲ್ಲಿ ಹಲವು ಸಂಕಲ್ಪಗಳು ಹುಟ್ಟುತ್ತವೆ. ಈ ವರ್ಷ ಪ್ರತಿದಿನವೂ ಬೆಳಗಿನ ಜಾವದಲ್ಲಿಯೇ ಏಳಬೇಕು, ಅಂದಂದಿನ ಪಾಠವನ್ನು ಅಂದಂದೇ ಓದಬೇಕು, ಗಣಿತದಲ್ಲಿ ಹಿಂದೆ ಬೀಳಬಾರದು, ಕೋಪವನ್ನು ಬಿಡಬೇಕು ಎಂದು ಅವರು ನಿಶ್ಚಯಿಸುತ್ತಾರೆ. ಮೊದಲ ವಾರ ಎಲ್ಲವೂ ಸರಿಯಾಗಿ ನಡೆಯುತ್ತದೆ. ಎರಡನೆಯ ವಾರದಲ್ಲಿ ಒಂದು ದಿನ ತಪ್ಪುತ್ತದೆ. ಗೌರಿ ಗಣೇಶ ಹಬ್ಬ ಬರುವ ವೇಳೆಗೆ ಅರ್ಧ ಸಂಕಲ್ಪಗಳು ಮರೆತುಹೋಗಿರುತ್ತವೆ. ದಸರಾ ರಜೆಯ ಹೊತ್ತಿಗೆ ಪುಸ್ತಕದ ಹೊದಿಕೆಯೂ ಹರಿದಿರುತ್ತದೆ, ಸಂಕಲ್ಪವೂ ಹರಿದಿರುತ್ತದೆ.

ಇದು ಯಾರೋ ಒಬ್ಬಿಬ್ಬರು ಸೋಮಾರಿಗಳ ಕಥೆಯಲ್ಲ. ಒಳ್ಳೆಯ ಮನಸ್ಸಿನಿಂದ ಸಂಕಲ್ಪ ಮಾಡಿದವರೂ ಹೀಗೆ ಸೋಲುವುದುಂಟು. ಹಾಗೆ ನಾಲ್ಕಾರು ಸಲ ಸೋತವನು, ತನ್ನಿಂದ ಏನೂ ಆಗದು ಎಂದು ತನ್ನ ವಿಷಯದಲ್ಲಿಯೇ ನಂಬಿಕೆ ಕಳೆದುಕೊಳ್ಳುತ್ತಾನೆ. ಪರೀಕ್ಷೆಯಲ್ಲಿ ಅಂಕಗಳು ಕಡಿಮೆಯಾಗುವುದಕ್ಕಿಂತ ಈ ನಷ್ಟ ದೊಡ್ಡದು. ಆದುದರಿಂದ ಸಂಕಲ್ಪಗಳು ಏಕೆ ಮುರಿಯುತ್ತವೆ, ಎಂತಹ ಸಂಕಲ್ಪಗಳು ಫಲ ಕೊಡುತ್ತವೆ ಎಂಬುದನ್ನು ವಿಚಾರಮಾಡುವುದು ಅವಶ್ಯಕ.

ಬಯಕೆ ಬೇರೆ, ಗುರಿ ಬೇರೆ. ರೈತನೊಬ್ಬನು ಜಗಲಿಯ ಮೇಲೆ ಕುಳಿತು, ಈ ಸಲ ಒಳ್ಳೆಯ ಬೆಳೆ ಬರಲಿ ಎಂದುಕೊಂಡರೆ ಅದು ಬಯಕೆ. ಯಾವ ಹೊಲಕ್ಕೆ ಯಾವ ಬೀಜ, ಯಾವ ಮಳೆಗೆ ಬಿತ್ತನೆ, ಯಾವಾಗ ಕಳೆ ಕೀಳಬೇಕು ಎಂದು ನಿಶ್ಚಯಿಸಿ, ಮರುದಿನ ನೇಗಿಲು ಹೊತ್ತು ಹೊರಟರೆ ಅದು ಗುರಿ. ಬಯಕೆಗೆ ದಿನವೂ ಇಲ್ಲ, ಅಳತೆಯೂ ಇಲ್ಲ. ಗುರಿಯಾದರೋ ಇಂದು ಏನು ಮಾಡಬೇಕು ಎಂಬ ಪ್ರಶ್ನೆಗೆ ಸ್ಪಷ್ಟವಾದ ಉತ್ತರ ಕೊಡುತ್ತದೆ. ಈ ವ್ಯತ್ಯಾಸವನ್ನು ಬಾಲ್ಯದಲ್ಲಿಯೇ ಕಂಡುಕೊಂಡು, ತನ್ನ ಜೀವನವನ್ನು ತಾನೇ ರೂಪಿಸಿಕೊಂಡ ವ್ಯಕ್ತಿಯೊಬ್ಬರ ವೃತ್ತಾಂತ ಇಲ್ಲಿ ನಮಗೆ ನೆರವಾಗುತ್ತದೆ. ಅವರೇ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್.

ಫ್ರಾಂಕ್ಲಿನ್ 1706ರಲ್ಲಿ ಬಾಸ್ಟನ್ ನಗರದಲ್ಲಿ ಜನಿಸಿದರು. ಆಗ ಅಮೆರಿಕದ ಆ ಭಾಗ ಇಂಗ್ಲೆಂಡಿನ ಆಳ್ವಿಕೆಗೆ ಒಳಪಟ್ಟಿತ್ತು. ತಂದೆ ಮೇಣದ ಬತ್ತಿ ಮತ್ತು ಸಾಬೂನು ತಯಾರಿಸುತ್ತಿದ್ದ ಶ್ರಮಜೀವಿ. ಮನೆಯಲ್ಲಿ ಒಟ್ಟು ಹದಿನೇಳು ಮಕ್ಕಳು. ಇಷ್ಟು ದೊಡ್ಡ ಸಂಸಾರದಲ್ಲಿ ಹುಡುಗನಿಗೆ ದೊರೆತ ಶಾಲಾಶಿಕ್ಷಣ ಎರಡೇ ವರ್ಷಗಳದ್ದು. ಹತ್ತನೆಯ ವಯಸ್ಸಿನಲ್ಲಿ ಅವನು ತಂದೆಯ ಕೆಲಸಕ್ಕೆ ನೆರವಾಗಬೇಕಾಯಿತು. ಹನ್ನೆರಡನೆಯ ವಯಸ್ಸಿನಲ್ಲಿ ಅಣ್ಣನ ಮುದ್ರಣಾಲಯದಲ್ಲಿ ಕೆಲಸ ಕಲಿಯಲು ಸೇರಿದನು. ಓದಿನಲ್ಲಿ ಅವನಿಗೆ ಅಪಾರ ಆಸಕ್ತಿಯಿತ್ತು. ಆದರೆ ಕೈಯಲ್ಲಿ ಹಣವಿರಲಿಲ್ಲ, ದಿನದಲ್ಲಿ ಬಿಡುವಿರಲಿಲ್ಲ.

ಒಮ್ಮೆ ಅವನಿಗೂ ಅವನ ಗೆಳೆಯನಿಗೂ ಒಂದು ವಿಷಯದಲ್ಲಿ ವಾದ ಹುಟ್ಟಿತು. ಇಬ್ಬರೂ ಪತ್ರಗಳ ಮೂಲಕ ತಮ್ಮ ತಮ್ಮ ಪಕ್ಷವನ್ನು ಸಮರ್ಥಿಸತೊಡಗಿದರು. ಆ ಪತ್ರಗಳು ತಂದೆಯ ಕಣ್ಣಿಗೆ ಬಿದ್ದವು. ತಂದೆ ವಾದದ ಸರಿತಪ್ಪುಗಳನ್ನು ಮಾತಾಡಲಿಲ್ಲ. ಕಾಗುಣಿತದಲ್ಲಿಯೂ ಲೇಖನಚಿಹ್ನೆಗಳಲ್ಲಿಯೂ ಮಗನದು ಗೆಳೆಯನ ಬರವಣಿಗೆಗಿಂತ ಮೇಲೆಂದು ಒಪ್ಪಿಕೊಂಡರು. ಆದರೆ ಮಾತಿನ ಸೊಗಸಿನಲ್ಲಿ, ವಿಚಾರಗಳ ಜೋಡಣೆಯಲ್ಲಿ, ಸ್ಪಷ್ಟತೆಯಲ್ಲಿ ಅವನು ಬಹಳ ಹಿಂದೆ ಇದ್ದಾನೆಂದು ಪತ್ರದಲ್ಲಿನ ವಾಕ್ಯಗಳನ್ನೇ ಎತ್ತಿ ತೋರಿಸಿದರು. ತಂದೆಯ ಮಾತು ನ್ಯಾಯವಾದುದೆಂದು ಹುಡುಗನಿಗೆ ತೋರಿತು. ಅವನು ಮುನಿಸಿಕೊಳ್ಳಲಿಲ್ಲ, ಬರವಣಿಗೆಯನ್ನು ತಿದ್ದಿಕೊಳ್ಳಲು ನಿಶ್ಚಯಿಸಿದನು. ಒಳ್ಳೆಯ ಗುರಿಗೆ ಮೊದಲ ಮೆಟ್ಟಿಲು ಇದೇ. ತನ್ನಲ್ಲಿ ಕೊರತೆಯಿದೆ ಎಂದು ತಿಳಿದರೆ ಸಾಲದು. ಕೊರತೆ ಇರುವುದು ಎಲ್ಲಿ ಎಂಬುದು ಖಚಿತವಾಗಬೇಕು. ನಾಡಿ ನೋಡದೆ ಕೊಟ್ಟ ಮದ್ದು ನಾಟುವುದಿಲ್ಲ.

ಆ ಸಮಯದಲ್ಲಿ ಅವನಿಗೆ 'ಸ್ಪೆಕ್ಟೇಟರ್' ಎಂಬ ಪತ್ರಿಕೆಯ ಒಂದು ಬಿಡಿ ಸಂಪುಟ ದೊರೆಯಿತು. ಅಡಿಸನ್ ಮತ್ತು ಸ್ಟೀಲ್ ಎಂಬ ಲೇಖಕರು 1711ರಲ್ಲಿ ಲಂಡನ್ನಿನಲ್ಲಿ ಆರಂಭಿಸಿದ ಆ ಪತ್ರಿಕೆ ಸೊಗಸಾದ ಗದ್ಯಕ್ಕೆ ಹೆಸರಾಗಿತ್ತು. ಬಾಲಕ ಫ್ರಾಂಕ್ಲಿನ್ ಅದನ್ನು ಮತ್ತೆ ಮತ್ತೆ ಓದಿದನು. ಬರಿಯ ಓದಿನಿಂದ ತೃಪ್ತನಾಗದೆ ಒಂದು ಉಪಾಯವನ್ನು ಕಂಡುಕೊಂಡನು. ಒಂದು ಲೇಖನವನ್ನು ಆರಿಸಿಕೊಂಡು, ಅದರ ಪ್ರತಿಯೊಂದು ವಾಕ್ಯದ ಭಾವವನ್ನೂ ನಾಲ್ಕಾರು ಮಾತುಗಳಲ್ಲಿ ಗುರುತು ಹಾಕಿಕೊಳ್ಳುತ್ತಿದ್ದನು. ಪುಸ್ತಕವನ್ನು ಕೆಲವು ದಿನ ಬದಿಗಿಡುತ್ತಿದ್ದನು. ಬಳಿಕ ಆ ಗುರುತುಗಳನ್ನು ಮಾತ್ರ ನೋಡಿಕೊಂಡು ಇಡೀ ಲೇಖನವನ್ನು ತನ್ನ ಮಾತುಗಳಲ್ಲಿ ಬರೆಯುತ್ತಿದ್ದನು. ಆಮೇಲೆ ಮೂಲದೊಡನೆ ಹೋಲಿಸಿ, ತಪ್ಪುಗಳನ್ನು ಕಂಡುಹಿಡಿದು ತಿದ್ದಿಕೊಳ್ಳುತ್ತಿದ್ದನು.

ಹೀಗೆ ಹೋಲಿಸುವಾಗ ತನ್ನಲ್ಲಿ ಪದಸಂಪತ್ತು ಕಡಿಮೆ ಎಂಬುದು ಅವನಿಗೆ ತಿಳಿಯಿತು. ಅದಕ್ಕೂ ಒಂದು ಅಭ್ಯಾಸವನ್ನು ಹೂಡಿದನು. ಕಥೆಗಳನ್ನು ಪದ್ಯಕ್ಕೆ ತಿರುಗಿಸಿ, ಮೂಲ ಗದ್ಯ ಮರೆತ ಮೇಲೆ ಆ ಪದ್ಯವನ್ನು ಮತ್ತೆ ಗದ್ಯಕ್ಕೆ ತರುತ್ತಿದ್ದನು. ಪದ್ಯದಲ್ಲಿ ಪ್ರಾಸಕ್ಕೂ ಮಾತ್ರೆಗೂ ಹೊಂದುವ ಪದವನ್ನು ಹುಡುಕಬೇಕಾದುದರಿಂದ, ಒಂದೇ ಅರ್ಥದ ಹಲವು ಪದಗಳು ಅವನಿಗೆ ವಶವಾದವು. ವಿಚಾರಗಳನ್ನು ಕ್ರಮವಾಗಿ ಜೋಡಿಸುವುದು ಇನ್ನೊಂದು ಕೊರತೆಯಾಗಿತ್ತು. ಅದಕ್ಕಾಗಿ ತಾನು ಬರೆದಿಟ್ಟ ಗುರುತುಗಳನ್ನು ಬೇಕೆಂದೇ ಕಲಸಿಬಿಟ್ಟು, ಕೆಲವು ವಾರಗಳ ನಂತರ ಅವುಗಳನ್ನು ಸರಿಯಾದ ಕ್ರಮದಲ್ಲಿರಿಸಲು ಪ್ರಯತ್ನಿಸುತ್ತಿದ್ದನು. ಅಪರೂಪಕ್ಕೊಮ್ಮೆ, ಯಾವುದೋ ಒಂದು ಸಣ್ಣ ಅಂಶದಲ್ಲಿ ತನ್ನ ಬರಹವೇ ಮೂಲಕ್ಕಿಂತ ಚೆನ್ನಾಗಿದೆ ಎಂದು ಅವನಿಗೆ ಅನಿಸುತ್ತಿತ್ತು. ಆ ಚಿಕ್ಕ ಸಂತೋಷ ಮುಂದಿನ ದಿನಗಳ ಶ್ರಮಕ್ಕೆ ಬುತ್ತಿಯಾಗುತ್ತಿತ್ತು.

ಇದಕ್ಕೆಲ್ಲ ವೇಳೆ ಎಲ್ಲಿಂದ ಬಂದಿತು? ಹಗಲೆಲ್ಲ ಮುದ್ರಣಾಲಯದಲ್ಲಿ ದುಡಿಮೆ. ಆದುದರಿಂದ ರಾತ್ರಿ ಕೆಲಸ ಮುಗಿದ ಮೇಲೆ, ಬೆಳಿಗ್ಗೆ ಕೆಲಸ ಆರಂಭವಾಗುವ ಮೊದಲು ಮತ್ತು ಭಾನುವಾರಗಳಲ್ಲಿ ಅವನು ಅಭ್ಯಾಸಮಾಡುತ್ತಿದ್ದನು. ಹದಿನಾರನೆಯ ವಯಸ್ಸಿನಲ್ಲಿ ಮಾಂಸಾಹಾರವನ್ನು ಬಿಟ್ಟು, ತನ್ನ ಊಟಕ್ಕಾಗಿ ಅಣ್ಣ ಕೊಡುತ್ತಿದ್ದ ಹಣದಲ್ಲಿ ಅರ್ಧವನ್ನು ತನಗೆ ಕೊಟ್ಟರೆ ತನ್ನ ಊಟವನ್ನು ತಾನೇ ನೋಡಿಕೊಳ್ಳುವೆನೆಂದು ಒಪ್ಪಂದಮಾಡಿಕೊಂಡನು. ಆ ಅರ್ಧದಲ್ಲಿಯೂ ಅರ್ಧವನ್ನು ಉಳಿಸಿ ಪುಸ್ತಕಗಳನ್ನು ಕೊಂಡನು. ಮಧ್ಯಾಹ್ನ ಉಳಿದವರು ಊಟಕ್ಕೆ ಹೋದಾಗ ಒಂದು ತುಂಡು ರೊಟ್ಟಿ, ಒಂದು ಹಿಡಿ ಒಣದ್ರಾಕ್ಷಿ, ಒಂದು ಲೋಟ ನೀರಿನಲ್ಲಿ ಊಟ ಮುಗಿಸಿ, ಅವರು ಹಿಂದಿರುಗುವವರೆಗೂ ಓದುತ್ತಿದ್ದನು. ಬಿಡುವು ತಾನಾಗಿ ಬರುವುದಿಲ್ಲ, ಅದನ್ನು ಮಾಡಿಕೊಳ್ಳಬೇಕಾಗುತ್ತದೆ.

ಈ ಅಭ್ಯಾಸದ ಫಲ 1722ರಲ್ಲಿ ಕಂಡುಬಂದಿತು. ಅವನ ಅಣ್ಣ ಒಂದು ವೃತ್ತಪತ್ರಿಕೆಯನ್ನು ನಡೆಸುತ್ತಿದ್ದನು. ಹುಡುಗನ ಲೇಖನವೆಂದು ತಿಳಿದರೆ ಅಣ್ಣ ಅದನ್ನು ಪ್ರಕಟಿಸಲಾರನೆಂದು ಭಾವಿಸಿ, ಫ್ರಾಂಕ್ಲಿನ್ ಒಬ್ಬ ವಿಧವೆಯ ಕಲ್ಪಿತ ಹೆಸರಿನಿಂದ ಪತ್ರವೊಂದನ್ನು ಬರೆದು, ರಾತ್ರಿ ಮುದ್ರಣಾಲಯದ ಬಾಗಿಲ ಕೆಳಗೆ ತೂರಿಸಿದನು. ಮರುದಿನ ಅಣ್ಣನೂ ಅವನ ಮಿತ್ರರೂ ಅದನ್ನು ಓದಿ ಮೆಚ್ಚಿ, ಇದನ್ನು ಬರೆದವರು ಊರಿನ ಯಾವ ವಿದ್ವಾಂಸರಿರಬಹುದೆಂದು ಊಹಿಸತೊಡಗಿದರು. ಅಲ್ಲಿಯೇ ಕೆಲಸಮಾಡುತ್ತಿದ್ದ ಹದಿನಾರರ ಹುಡುಗನು ಆ ಮಾತುಗಳನ್ನೆಲ್ಲ ಕೇಳಿ ಒಳಗೊಳಗೇ ಹಿಗ್ಗಿದನು. ಅಂತಹ ಹದಿನಾಲ್ಕು ಪತ್ರಗಳು ಪ್ರಕಟವಾದವು. ಎರಡೇ ವರ್ಷ ಶಾಲೆಗೆ ಹೋದವನ ಬರವಣಿಗೆ ವಿದ್ವಾಂಸರ ಬರವಣಿಗೆಯೆಂದು ತೋರುವ ಮಟ್ಟಿಗೆ ಬೆಳೆದಿತ್ತು.

ಮುಂದೆ ಫ್ರಾಂಕ್ಲಿನ್ ಫಿಲಡೆಲ್ಫಿಯ ನಗರದಲ್ಲಿ ನೆಲಸಿ ಸ್ವಂತ ಮುದ್ರಣಾಲಯವನ್ನು ತೆರೆದರು. ಬರವಣಿಗೆಯನ್ನು ತಿದ್ದಿಕೊಂಡ ಕ್ರಮದಲ್ಲಿಯೇ ನಡತೆಯನ್ನೂ ತಿದ್ದಿಕೊಳ್ಳಬಾರದೇಕೆ ಎಂದು ಅವರು ಯೋಚಿಸಿದರು. ಮಿತಾಹಾರ, ಮಿತಭಾಷಣ, ಅಚ್ಚುಕಟ್ಟು, ದೃಢನಿಶ್ಚಯ, ಮಿತವ್ಯಯ, ದುಡಿಮೆ, ಪ್ರಾಮಾಣಿಕತೆ, ನ್ಯಾಯ ಮೊದಲಾದ ಹನ್ನೆರಡು ಗುಣಗಳನ್ನು ಪಟ್ಟಿಮಾಡಿದರು. ಅವರಲ್ಲಿ ಅಹಂಕಾರ ಹೆಚ್ಚೆಂದು ಮಿತ್ರನೊಬ್ಬನು ಉದಾಹರಣೆಗಳ ಸಹಿತ ತಿಳಿಸಿದಾಗ, ವಿನಯವನ್ನೂ ಸೇರಿಸಿ ಹದಿಮೂರು ಮಾಡಿದರು. ಒಂದು ಚಿಕ್ಕ ಪುಸ್ತಕದಲ್ಲಿ ಪ್ರತಿ ಪುಟಕ್ಕೂ ಕೋಷ್ಟಕ ಎಳೆದರು. ಅಡ್ಡಲಾಗಿ ವಾರದ ಏಳು ದಿನಗಳು, ಉದ್ದಕ್ಕೆ ಹದಿಮೂರು ಗುಣಗಳು. ಪ್ರತಿ ರಾತ್ರಿ ಆ ದಿನದ ನಡತೆಯನ್ನು ಪರಿಶೀಲಿಸಿ, ಯಾವ ಗುಣದಲ್ಲಿ ತಪ್ಪಿದ್ದರೋ ಆ ಮನೆಯಲ್ಲಿ ಒಂದು ಕಪ್ಪು ಚುಕ್ಕೆ ಇಡುತ್ತಿದ್ದರು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಹದಿಮೂರನ್ನೂ ಒಮ್ಮೆಗೇ ಸಾಧಿಸಲು ಅವರು ಹೊರಡಲಿಲ್ಲ. ವಾರಕ್ಕೆ ಒಂದೇ ಗುಣಕ್ಕೆ ಮುಖ್ಯ ಗಮನ ಕೊಟ್ಟು, ಆ ಸಾಲಿನಲ್ಲಿ ಚುಕ್ಕೆ ಬೀಳದಂತೆ ನೋಡಿಕೊಳ್ಳುತ್ತಿದ್ದರು. ತೋಟದ ಕಳೆಯನ್ನು ಪಾತಿ ಪಾತಿಯಾಗಿ ಕೀಳುವಂತೆ ಇದು ಎಂದು ಅವರ ಭಾವನೆ. ಹದಿಮೂರು ವಾರಗಳಿಗೆ ಒಂದು ಸುತ್ತು. ವರ್ಷಕ್ಕೆ ನಾಲ್ಕು ಸುತ್ತು. ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು ಎಂಬ ನಮ್ಮ ಗಾದೆಯ ಅರ್ಥವೂ ಇದೇ. ಹೊಸ ಸುತ್ತು ಬಂದಾಗ ಹಳೆಯ ಚುಕ್ಕೆಗಳನ್ನು ಕೆರೆದು ತೆಗೆಯಬೇಕಾಗುತ್ತಿತ್ತು. ಕೆರೆದು ಕೆರೆದು ಕಾಗದ ತೂತುಬಿದ್ದಿತು! ಕೊನೆಗೆ ಅವರು ಒದ್ದೆಯಾಗಿ ಒರೆಸಬಹುದಾದ ದಂತದ ಹಾಳೆಗಳ ಮೇಲೆ ಕೋಷ್ಟಕವನ್ನು ಬರೆದುಕೊಂಡರು. ತಮ್ಮಲ್ಲಿ ತಾವು ಎಣಿಸಿದ್ದಕ್ಕಿಂತ ಹೆಚ್ಚು ದೋಷಗಳಿರುವುದನ್ನು ಕಂಡು ಆಶ್ಚರ್ಯವಾಯಿತೆಂದೂ, ಅವು ಕಡಿಮೆಯಾಗುತ್ತ ಬಂದುದನ್ನು ಕಂಡು ಸಮಾಧಾನವಾಯಿತೆಂದೂ ಅವರು ಆತ್ಮಚರಿತ್ರೆಯಲ್ಲಿ ಹೇಳಿಕೊಂಡಿದ್ದಾರೆ.

ಎಲ್ಲ ಗುಣಗಳಲ್ಲಿಯೂ ಅವರು ಗೆದ್ದರೆ? ಇಲ್ಲ. ಅಚ್ಚುಕಟ್ಟು ಅವರಿಗೆ ಕೊನೆಯವರೆಗೂ ಒಲಿಯಲಿಲ್ಲ. ಪ್ರತಿಯೊಂದು ವಸ್ತುವಿಗೂ ಒಂದು ಸ್ಥಳ, ಪ್ರತಿಯೊಂದು ಕೆಲಸಕ್ಕೂ ಒಂದು ಹೊತ್ತು ಎಂಬುದು ಎಷ್ಟು ಪ್ರಯತ್ನಿಸಿದರೂ ಕೈಗೂಡಲಿಲ್ಲ. ಈ ಸಂದರ್ಭದಲ್ಲಿ ಅವರು ಒಂದು ಕಥೆಯನ್ನು ಹೇಳುತ್ತಾರೆ. ಒಬ್ಬನು ಕಮ್ಮಾರನಲ್ಲಿ ಕೊಡಲಿಯೊಂದನ್ನು ಕೊಂಡು, ಅದರ ಮೈಯೆಲ್ಲ ಬಾಯಿಯಂತೆಯೇ ಹೊಳೆಯಬೇಕೆಂದು ಕೇಳಿದನು. ಸಾಣೆಯ ಚಕ್ರವನ್ನು ತಿರುಗಿಸುವುದಾದರೆ ಹಾಗೆಯೇ ಮಾಡಿಕೊಡುವೆನೆಂದನು ಕಮ್ಮಾರ. ಇವನು ತಿರುಗಿಸತೊಡಗಿದನು; ಕಮ್ಮಾರನು ಕೊಡಲಿಯನ್ನು ಕಲ್ಲಿಗೆ ಒತ್ತಿ ಹಿಡಿದನು. ಕೆಲಸ ಬಹಳ ಕಷ್ಟವಾಯಿತು. ಇವನು ಮತ್ತೆ ಮತ್ತೆ ಬಂದು ನೋಡಿ, ಸಾಕು, ಇದ್ದ ಹಾಗೆಯೇ ಕೊಡು ಎಂದನು. ಇನ್ನೂ ಅಲ್ಲಲ್ಲಿ ಮಾತ್ರ ಹೊಳೆಯುತ್ತಿದೆ, ಇನ್ನಷ್ಟು ತಿರುಗಿಸು ಎಂದನು ಕಮ್ಮಾರ. ಆಗ ಆ ಮನುಷ್ಯನು, ತನಗೆ ಚುಕ್ಕೆ ಚುಕ್ಕೆಯ ಕೊಡಲಿಯೇ ಹೆಚ್ಚು ಇಷ್ಟವೆಂದು ಹೇಳಿ ಹೊರಟುಹೋದನು. ನಾವೂ ಹಾಗೆಯೇ. ದಣಿದಾಗ, ದಣಿದೆವೆಂದು ಒಪ್ಪಿಕೊಳ್ಳದೆ, ಆ ಗುರಿಯೇ ನಮಗೆ ಬೇಕಿರಲಿಲ್ಲವೆಂದು ಹೇಳಿಬಿಡುತ್ತೇವೆ. ಕೈಗೆಟುಕದ ದ್ರಾಕ್ಷಿ ಹುಳಿಯೆಂದ ನರಿಗೂ ಈ ಮನುಷ್ಯನಿಗೂ ಹೆಚ್ಚಿನ ಅಂತರವಿಲ್ಲ.

ಆದರೆ ಫ್ರಾಂಕ್ಲಿನ್ ಅಷ್ಟಕ್ಕೇ ನಿಲ್ಲಲಿಲ್ಲ. ತಾವು ಬಯಸಿದ ಪರಿಪೂರ್ಣತೆ ಎಂದೂ ಸಿಗಲಿಲ್ಲವಾದರೂ, ಆ ಪ್ರಯತ್ನದಿಂದ ತಾವು ಇನ್ನೂ ಒಳ್ಳೆಯವರಾದರು ಎಂದು ಅವರು ಎಪ್ಪತ್ತೆಂಟು ದಾಟಿದ ವಯಸ್ಸಿನಲ್ಲಿ ಬರೆದರು. ಅಚ್ಚಿನ ಅಕ್ಷರವನ್ನು ನೋಡಿ ತಿದ್ದುವವನ ಬರವಣಿಗೆ ಅಚ್ಚಿನಂತೆಯೇ ಆಗದಿರಬಹುದು. ಹಿಂದಿನದಕ್ಕಿಂತ ದುಂಡಗಂತೂ ಆಗುತ್ತದೆ.

ಅವರ ಜೀವನದಲ್ಲಿ ಇನ್ನೊಂದು ಪಾಠವಿದೆ; ಅದು ಹೊಗಳಿಕೆಯ ಮಾತಲ್ಲ. ಅವರ ಪಟ್ಟಿಯಲ್ಲಿ ನ್ಯಾಯವೂ ಒಂದು ಗುಣವಾಗಿತ್ತು. ಆದರೂ ಆ ಕಾಲದ ಅನೇಕ ಅನುಕೂಲಸ್ಥರಂತೆ ಅವರೂ ತಮ್ಮ ಮನೆಯಲ್ಲಿ ಗುಲಾಮರನ್ನು ಇಟ್ಟುಕೊಂಡಿದ್ದರು. ಅವರ ಪತ್ರಿಕೆಯಲ್ಲಿ ಗುಲಾಮರ ಮಾರಾಟದ ಜಾಹೀರಾತುಗಳು ಅಚ್ಚಾಗುತ್ತಿದ್ದವು. ಪ್ರತಿ ರಾತ್ರಿ ಚುಕ್ಕೆ ಇಡುತ್ತಿದ್ದ ಕೈಗೆ ಈ ದೊಡ್ಡ ಅನ್ಯಾಯ ಬಹುಕಾಲ ಕಾಣಲಿಲ್ಲ. ವಯಸ್ಸಾದಂತೆ ಅವರ ಅಭಿಪ್ರಾಯ ಬದಲಾಯಿತು. 1787ರಲ್ಲಿ ಅವರು ಪೆನ್ಸಿಲ್ವೇನಿಯದ ಗುಲಾಮಗಿರಿ ವಿರೋಧಿ ಸಂಘದ ಅಧ್ಯಕ್ಷರಾದರು. 1790ರ ಫೆಬ್ರವರಿಯಲ್ಲಿ ಗುಲಾಮಗಿರಿಯ ವಿರುದ್ಧ ಅಮೆರಿಕದ ಸಂಸತ್ತಿಗೆ ಸಲ್ಲಿಸಿದ ಮನವಿಗೆ ಅಧ್ಯಕ್ಷರಾಗಿ ಸಹಿಮಾಡಿದರು. ಅದೇ ವರ್ಷ ಏಪ್ರಿಲ್ ತಿಂಗಳಲ್ಲಿ ತೀರಿಕೊಂಡರು. ಇದರಿಂದ ತಿಳಿಯುವುದೇನೆಂದರೆ, ಗುರಿಯನ್ನು ತಲುಪಿದೆವೇ ಎಂದು ಕೇಳಿಕೊಳ್ಳುವುದಷ್ಟೇ ಸಾಲದು. ಗುರಿ ಸರಿಯಾದುದೇ, ಅದರಲ್ಲಿ ಇತರರಿಗೂ ಪಾಲಿದೆಯೇ ಎಂದೂ ಆಗಾಗ ಕೇಳಿಕೊಳ್ಳಬೇಕು.

ಇತರರಿಗೂ ಪಾಲಿರುವ ಗುರಿ ಎಷ್ಟು ದೂರದವರೆಗೆ ಫಲ ಕೊಡಬಲ್ಲುದೆಂಬುದಕ್ಕೆ ನಮ್ಮ ಕನ್ನಡನಾಡಿನಲ್ಲಿಯೇ ಒಂದು ದೊಡ್ಡ ನಿದರ್ಶನವಿದೆ. ಫರ್ಡಿನೆಂಡ್ ಕಿಟ್ಟೆಲ್ ಎಂಬವರು 1832ರಲ್ಲಿ ಜರ್ಮನಿಯಲ್ಲಿ ಹುಟ್ಟಿ, 1853ರಲ್ಲಿ ಬಾಸೆಲ್ ಮಿಷನ್ನಿನ ಪಾದ್ರಿಯಾಗಿ ಇಲ್ಲಿಗೆ ಬಂದರು. ಧರ್ಮಪ್ರಚಾರಕ್ಕೆಂದು ಬಂದವರು ಕನ್ನಡ ಭಾಷೆಗೆ ಮನಸೋತರು. ಜನರ ಮಾತು, ಗಾದೆ, ಹಾಡುಗಳನ್ನು ಆಲಿಸಿದರು; ಹಳಗನ್ನಡ ಗ್ರಂಥಗಳನ್ನು ಅಭ್ಯಾಸಮಾಡಿದರು. ಕನ್ನಡಕ್ಕೆ ಒಂದು ದೊಡ್ಡ ನಿಘಂಟನ್ನು ರಚಿಸುವುದು ಅವರ ಬಾಳಿನ ಗುರಿಯಾಯಿತು.

ನಿಘಂಟು ಒಂದೇ ನೆಗೆತಕ್ಕೆ ದಾಟುವ ಹಳ್ಳವಲ್ಲ. ವ್ಯಾಕರಣ ತಿಳಿಯದೆ ಪದದ ರೂಪ ತಿಳಿಯದು. ಕಾವ್ಯ ತಿಳಿಯದೆ ಪದದ ಅರ್ಥ ನಿಲ್ಲದು. ಕಿಟ್ಟೆಲರು ಕೇಶಿರಾಜನ 'ಶಬ್ದಮಣಿದರ್ಪಣ'ವನ್ನು 1872ರಲ್ಲಿ ಸಂಪಾದಿಸಿ ಪ್ರಕಟಿಸಿದರು. ನಾಗವರ್ಮನ ಛಂದೋಗ್ರಂಥವನ್ನು 1875ರಲ್ಲಿ ಹೊರತಂದರು. ಇವು ತಾವಾಗಿಯೇ ದೊಡ್ಡ ಕೆಲಸಗಳು. ಮುಂದಿನ ಕೆಲಸಕ್ಕೆ ಮೆಟ್ಟಿಲುಗಳೂ ಹೌದು. ನಿಘಂಟಿನಲ್ಲಿ ಅವರು ಪದಕ್ಕೆ ಅರ್ಥ ಕೊಟ್ಟು ಸುಮ್ಮನಾಗಲಿಲ್ಲ. ಗ್ರಂಥಗಳಿಂದ ಪ್ರಯೋಗಗಳನ್ನು ಎತ್ತಿ ತೋರಿಸಿದರು, ಜನರ ಬಾಯಲ್ಲಿದ್ದ ಗಾದೆಗಳನ್ನು ಸೇರಿಸಿದರು, ತಮಿಳು, ತೆಲುಗು, ಮಲೆಯಾಳ, ತುಳು ಭಾಷೆಗಳ ಸಂಬಂಧಿ ಪದಗಳನ್ನು ಹೋಲಿಸಿದರು. ಈ ನಡುವೆ ಅವರು ಸ್ವದೇಶಕ್ಕೆ ಹೋದರು. ನಿಘಂಟಿಗಾಗಿ 1883ರಲ್ಲಿ ಮತ್ತೆ ಇಲ್ಲಿಗೆ ಬಂದರು. 1894ರಲ್ಲಿ ಮಂಗಳೂರಿನಲ್ಲಿ ಆ ಮಹಾಗ್ರಂಥ ಪ್ರಕಟವಾಯಿತು. ಸುಮಾರು 70,000 ಪದಗಳ, 1,700ಕ್ಕೂ ಹೆಚ್ಚು ಪುಟಗಳ ಗ್ರಂಥವದು. ಆಗ ಅವರ ವಯಸ್ಸು ಅರವತ್ತೆರಡು. ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾನಿಲಯ 1896ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ಪದವಿಯನ್ನು ನೀಡಿತು. 1903ರಲ್ಲಿ ಅವರ ಕನ್ನಡ ವ್ಯಾಕರಣ ಗ್ರಂಥವೂ ಪ್ರಕಟವಾಯಿತು. ಅದೇ ವರ್ಷದ ಕೊನೆಯಲ್ಲಿ ಅವರು ನಿಧನರಾದರು.

ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ. 70,000 ಪದಗಳನ್ನು ಇಪ್ಪತ್ತು ವರ್ಷಗಳಿಗೆ ಹಂಚಿದರೆ ವರ್ಷಕ್ಕೆ 3,500 ಪದಗಳಾಗುತ್ತವೆ. ದಿನಕ್ಕೆ ಸುಮಾರು ಹತ್ತು. ಅವರು ದಿನವೂ ಎಣಿಸಿಕೊಂಡು ಹತ್ತೇ ಪದಗಳನ್ನು ಬರೆದರೆಂದು ಇದರ ಅರ್ಥವಲ್ಲ. ಆದರೆ ಎದೆ ನಡುಗಿಸುವಂತಹ ದೊಡ್ಡ ಗುರಿಯೂ ದಿನದ ಕೆಲಸವಾಗಿ ಇಳಿದು ಬಂದಾಗ ಮನುಷ್ಯನ ಅಳವಿಗೆ ಸಿಗುತ್ತದೆ ಎಂಬುದು ಈ ಲೆಕ್ಕದಿಂದ ಸ್ಪಷ್ಟವಾಗುತ್ತದೆ. ಹನಿಹನಿಗೂಡಿದರೆ ಹಳ್ಳವಷ್ಟೇ! ಕಿಟ್ಟೆಲರಿಗೆ ಅದರಿಂದ ಬಂದ ಕೀರ್ತಿಗಿಂತ, ಇಂದಿಗೂ ಕನ್ನಡ ಪದವೊಂದರ ಬೇರನ್ನು ಹುಡುಕುವವರು ಆ ನಿಘಂಟನ್ನು ತೆರೆಯುತ್ತಾರೆ ಎಂಬುದೇ ಆ ಸಾಧನೆಯ ನಿಜವಾದ ಅಳತೆ.

ಇವರಿಬ್ಬರ ಜೀವನದಿಂದ ವಿದ್ಯಾರ್ಥಿಗಳು ಅನುಸರಿಸಬಹುದಾದ ಕ್ರಮವೊಂದು ದೊರೆಯುತ್ತದೆ. ಮೊದಲನೆಯದಾಗಿ, ಗುರಿ ಒಂದೇ ಇರಲಿ ಮತ್ತು ಖಚಿತವಾಗಿರಲಿ. ಗಣಿತದಲ್ಲಿ ಮುಂದೆ ಬರಬೇಕು ಎಂಬುದು ಬಯಕೆ. ಬೀಜಗಣಿತದ ಸಮೀಕರಣಗಳಲ್ಲಿ ಚಿಹ್ನೆಯ ತಪ್ಪು ಮಾಡುತ್ತಿದ್ದೇನೆ, ಒಂದು ತಿಂಗಳಲ್ಲಿ ಅದನ್ನು ತಿದ್ದಿಕೊಳ್ಳಬೇಕು ಎಂಬುದು ಗುರಿ. ಕೊರತೆ ಎಲ್ಲಿದೆಯೆಂದು ತನಗೇ ತಿಳಿಯದಿದ್ದರೆ, ಫ್ರಾಂಕ್ಲಿನ್‌ಗೆ ತಂದೆ ತೋರಿಸಿದಂತೆ, ಉಪಾಧ್ಯಾಯರನ್ನೋ ಹಿರಿಯರನ್ನೋ ಕೇಳಿ ತಿಳಿಯಬೇಕು. ಅವರು ತಪ್ಪು ತೋರಿಸಿದಾಗ ಮುಖ ಬಾಡಿಸಿಕೊಳ್ಳಬಾರದು.

ಎರಡನೆಯದಾಗಿ, ಗುರಿ ನಮ್ಮ ಕೈಯಲ್ಲಿರುವಂತಹುದಾಗಿರಬೇಕು. ತರಗತಿಯಲ್ಲಿ ಮೊದಲನೆಯವನಾಗುವುದು ಇತರರ ಅಂಕಗಳನ್ನೂ ಅವಲಂಬಿಸಿದೆ. ದಿನಕ್ಕೆ ಐದು ಲೆಕ್ಕಗಳನ್ನು ಬಿಡಿಸುವುದು ನಮ್ಮೊಬ್ಬರನ್ನೇ ಅವಲಂಬಿಸಿದೆ. ಪಕ್ಕದವನನ್ನು ಸೋಲಿಸುವುದೇ ಗುರಿಯಾದರೆ ಅವನು ಗೆದ್ದ ದಿನ ದುಃಖ, ಅವನು ಸೋತ ದಿನ ಸೋಮಾರಿತನ ಬರುತ್ತವೆ. ನಿನ್ನೆಯ ನಮ್ಮೊಡನೆ ಇಂದಿನ ನಮ್ಮನ್ನು ಹೋಲಿಸಿಕೊಂಡರೆ ಈ ಎರಡು ಅಪಾಯಗಳೂ ಇಲ್ಲ.

ಮೂರನೆಯದಾಗಿ, ದಿನದ ಪಾಲು ಚಿಕ್ಕದಾಗಿರಲಿ. ಮನೆಯಲ್ಲಿ ತಾಯಿಗೆ ನೆರವಾಗಬೇಕಾದ ಹುಡುಗಿಗೆ, ದನಕರುಗಳನ್ನು ನೋಡಿಕೊಳ್ಳಬೇಕಾದ ಹುಡುಗನಿಗೆ, ದೂರದ ಊರಿನಿಂದ ಶಾಲೆಗೆ ಬರುವವರಿಗೆ ದಿನಕ್ಕೆ ಮೂರು ಗಂಟೆಯ ಬಿಡುವು ಸಿಗಲಾರದು. ಅರ್ಧ ಗಂಟೆ ಸಿಗಬಹುದು. ಅದು ದಿನವೂ ಒಂದೇ ಹೊತ್ತಿನಲ್ಲಿ ಸಿಗುವಂತೆ ಮಾಡಿಕೊಂಡರೆ ವರ್ಷಕ್ಕೆ 180 ಗಂಟೆಗಳಿಗೂ ಹೆಚ್ಚಾಗುತ್ತದೆ.

ನಾಲ್ಕನೆಯದಾಗಿ, ಮಾಡಿದ್ದನ್ನು ಬರೆದಿಡಬೇಕು. ಒಂದು ಹಾಳೆಯಲ್ಲಿ ವಾರದ ಏಳು ಮನೆಗಳನ್ನು ಎಳೆದು, ಕೆಲಸ ತಪ್ಪಿದ ದಿನ ಚುಕ್ಕೆ ಇಟ್ಟರೆ ಸಾಕು. ಅದನ್ನು ಇನ್ನೊಬ್ಬರಿಗೆ ತೋರಿಸಬೇಕಾಗಿಲ್ಲ. ಆದರೆ ತನಗೆ ತಾನು ಸುಳ್ಳು ಹೇಳಿಕೊಳ್ಳಬಾರದು. ಒಂದು ದಿನ ತಪ್ಪಿತೆಂದು ಎಲ್ಲವನ್ನೂ ಕೈಬಿಡುವುದು, ಒಂದು ಕಲ್ಲು ಜಾರಿತೆಂದು ಇಡೀ ಗೋಡೆಯನ್ನು ಕೆಡವಿದಂತೆ. ಒಂದೇ ಮನೆಯಲ್ಲಿ ಮತ್ತೆ ಮತ್ತೆ ಚುಕ್ಕೆ ಬೀಳುತ್ತಿದ್ದರೆ, ಮನಸ್ಸನ್ನು ಹಳಿಯುವುದಕ್ಕಿಂತ ಹೊತ್ತನ್ನೋ ಕೆಲಸದ ಅಳತೆಯನ್ನೋ ಬದಲಾಯಿಸಿ ನೋಡುವುದು ಮೇಲು.

ಕೊನೆಯದಾಗಿ, ಈ ಗುರಿ ಯಾರಿಗಾಗಿ ಎಂದು ಕೇಳಿಕೊಳ್ಳಬೇಕು. ಫ್ರಾಂಕ್ಲಿನ್ ಓದಿಗಾಗಿ ಹಸಿವನ್ನೂ ಉಳಿತಾಯಮಾಡಿದ ಹುಡುಗ. ಮುಂದೆ ಅವರು ತಮ್ಮ ಹಾಗೆಯೇ ಪುಸ್ತಕ ಕೊಳ್ಳಲಾರದವರನ್ನು ಮರೆಯಲಿಲ್ಲ. 1731ರಲ್ಲಿ ಐವತ್ತು ಜನರನ್ನು ಸೇರಿಸುವ ಯೋಜನೆ ಹೂಡಿ, ಮೊದಲು ನಲವತ್ತು ಷಿಲಿಂಗ್, ಅನಂತರ ವರ್ಷಕ್ಕೆ ಹತ್ತು ಷಿಲಿಂಗ್ ವಂತಿಗೆಯಿಂದ ಫಿಲಡೆಲ್ಫಿಯದಲ್ಲಿ ಪುಸ್ತಕಭಂಡಾರವನ್ನು ಸ್ಥಾಪಿಸಿದರು. ಅದು ಇಂದಿಗೂ ಉಳಿದಿದೆ. ತಾನು ಕಲಿತ ಒಂದು ಲೆಕ್ಕವನ್ನು ಪಕ್ಕದ ಬೆಂಚಿನ ಗೆಳೆಯನಿಗೆ ತಿಳಿಸಿಕೊಡುವ ವಿದ್ಯಾರ್ಥಿಯೂ ಅದೇ ದಾರಿಯಲ್ಲಿದ್ದಾನೆ.

ವಿದ್ಯಾರ್ಥಿಮಿತ್ರರೇ, ಈ ಪಾಠದಿಂದಲೇ ಅಭ್ಯಾಸವನ್ನು ಪ್ರಾರಂಭಿಸಬಹುದು. ಇದರಲ್ಲಿ ಒಂದು ಪರಿಚ್ಛೇದವನ್ನು ಆರಿಸಿಕೊಳ್ಳಿರಿ. ಪ್ರತಿ ವಾಕ್ಯದ ಭಾವವನ್ನು ಎರಡು ಮೂರು ಪದಗಳಲ್ಲಿ ಗುರುತು ಹಾಕಿ ಪುಸ್ತಕವನ್ನು ಮುಚ್ಚಿಡಿರಿ. ಮೂರು ದಿನಗಳ ನಂತರ ಅದನ್ನು ನಿಮ್ಮ ಮಾತುಗಳಲ್ಲಿ ಬರೆದು, ಮೂಲದೊಡನೆ ಹೋಲಿಸಿ ನೋಡಿರಿ. ನಿಮ್ಮದು ಎಲ್ಲಿ ತಪ್ಪಿದೆಯೆಂದು ತಿಳಿಯುತ್ತದೆ. ಎಲ್ಲಿಯೋ ಒಂದು ಕಡೆ ನಿಮ್ಮ ವಾಕ್ಯವೇ ಇದಕ್ಕಿಂತ ಚೆನ್ನಾಗಿರಲೂಬಹುದು. ಅಂತಹ ವಾಕ್ಯವೊಂದು ಸಿಕ್ಕಿದ ದಿನ ಸಂಕಲ್ಪವು ಸಾಧನೆಯ ಕಡೆಗೆ ಮೊದಲ ಹೆಜ್ಜೆ ಇಟ್ಟಿತೆಂದು ತಿಳಿಯಿರಿ.

ಅಭ್ಯಾಸ

ಅ. ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಫ್ರಾಂಕ್ಲಿನ್‌ಗೆ ಎಷ್ಟು ವರ್ಷಗಳ ಶಾಲಾಶಿಕ್ಷಣ ದೊರೆಯಿತು?
2. ಅವರ ಪಟ್ಟಿಯಲ್ಲಿ ವಿನಯ ಏಕೆ ಸೇರಿತು?
3. ಕಿಟ್ಟೆಲರ ನಿಘಂಟು ಯಾವ ವರ್ಷ, ಎಲ್ಲಿ ಪ್ರಕಟವಾಯಿತು?

ಆ. ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.
1. ಬಯಕೆಗೂ ಗುರಿಗೂ ಇರುವ ವ್ಯತ್ಯಾಸವನ್ನು ರೈತನ ಉದಾಹರಣೆಯಿಂದ ವಿವರಿಸಿರಿ.
2. ಪದಸಂಪತ್ತನ್ನು ಹೆಚ್ಚಿಸಿಕೊಳ್ಳಲು ಬಾಲಕ ಫ್ರಾಂಕ್ಲಿನ್ ಯಾವ ಅಭ್ಯಾಸವನ್ನು ಹೂಡಿದನು?
3. ಕೊಡಲಿಯ ಕಥೆಯಿಂದ ನಾವು ತಿಳಿಯುವುದೇನು?

ಇ. ಎಂಟು ಹತ್ತು ವಾಕ್ಯಗಳಲ್ಲಿ ಉತ್ತರಿಸಿರಿ.
1. ದೊಡ್ಡ ಗುರಿ ದಿನದ ಕೆಲಸವಾಗಿ ಇಳಿದು ಬರಬೇಕೆಂಬ ಮಾತನ್ನು ಕಿಟ್ಟೆಲರ ಸಾಧನೆಯ ಹಿನ್ನೆಲೆಯಲ್ಲಿ ಸಮರ್ಥಿಸಿರಿ.
2. ಫ್ರಾಂಕ್ಲಿನ್ ನ್ಯಾಯವನ್ನು ತಮ್ಮ ಪಟ್ಟಿಯಲ್ಲಿ ಸೇರಿಸಿಯೂ ಯಾವ ಅನ್ಯಾಯವನ್ನು ಬಹುಕಾಲ ಕಾಣದೆ ಹೋದರು? ಇದರಿಂದ ನೀವು ತಿಳಿದುದೇನು?

ಈ. ಈ ಪದಗಳನ್ನು ನಿಮ್ಮ ಸ್ವಂತ ವಾಕ್ಯಗಳಲ್ಲಿ ಪ್ರಯೋಗಿಸಿರಿ: ಸಂಕಲ್ಪ, ಅಳವು, ವಂತಿಗೆ, ನಿದರ್ಶನ, ಪರಿಶೀಲಿಸು.